10 ಬೈ 11 ರೂಮು, ಅಜ್ಜನ ಮಂಚ, ಕೈಲಿ ನಲವತ್ತು ಸಾವಿರ. ಹಳೇ ಸಾಮಾನಲ್ಲೇ ಬೆಡ್‌ರೂಮ್ ಮಾಡ್ಕೋಬಹುದಾ?

ಹಸಿರುಕಿಟಕಿ
ಡಿಸೆಂಬರ್, ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಈಗ ನಿಮ್ಮ ತಲೆ ತಿನ್ನೋ ಸರದಿ ನಂದು.

ಐದು ವರ್ಷದ ಹಿಂದೆ ಆನ್‌ಲೈನಲ್ಲಿ ತಗೊಂಡ ಪೆಟ್ಟಿಗೆ ಮಂಚ ಈ ಮಳೆಗಾಲ ಕೈ ಕೊಡ್ತು. ಗೋಡೆ ಒರತೆಗೆ ಕೆಳಗಿನ ಹಲಗೆ ಹಪ್ಪಳದ ಥರ ಉಬ್ಬಿದೆ. ಸ್ಕ್ರೂ ತಿರುಗಿಸಿದ್ರೆ ಮರದ ಹೊಟ್ಟು ಉದುರುತ್ತೆ, ಸ್ಕ್ರೂ ಮಾತ್ರ ಅಲ್ಲೇ ಸುತ್ತುತ್ತೆ. ಇನ್ನೊಂದು ಅಂಥದ್ದೇ ತರೋಕೆ ಮನಸ್ಸಿಲ್ಲ.

ಇದೇ ಹೊತ್ತಿಗೆ ತೀರ್ಥಹಳ್ಳಿ ಕಡೆ ಅಜ್ಜನ ಮನೆ ಪಾಲಾಗ್ತಿದೆ. ನಾಲ್ಕು ಕಂಬದ ಬೀಟೆ ಮಂಚ ಯಾರಿಗೂ ಬೇಡವಂತೆ. ದೊಡ್ಡಪ್ಪನ ಮಗ "ನೀನು ಒಯ್ಯದಿದ್ರೆ ಗುಜರಿಯವನಿಗೆ ಕೊಡ್ತೀನಿ" ಅಂದ. ಒಯ್ತೀನಿ ಅಂದ್ಬಿಟ್ಟೆ. ಮಾತು ಕೊಟ್ಟ ಮೇಲೆ ಯೋಚನೆ ಶುರು.

ನಮ್ಮದು ಬನಶಂಕರಿಯಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ. ರೂಮು 10 ಬೈ 11 ಅಡಿ. ಮಂಚ ಹೊರ ಅಳತೆಯಲ್ಲಿ 58 ಇಂಚು ಅಗಲ, 80 ಇಂಚು ಉದ್ದ; ಕಂಬದ ಎತ್ತರ 81. ಇದರ ಜೊತೆಗೆ ಒಂದು ಬೀರು, ಒಂದು ನಿಲುವುಗನ್ನಡಿ ಬೇಕು, ಅವೂ ಹಳೇವೇ ಆಗ್ಲಿ ಅಂತ ಆಸೆ. ಎಲ್ಲಾ ಸೇರಿ ನಲವತ್ತು ಸಾವಿರ ದಾಟಬಾರದು. ತರೋದು ಹೇಗೆ, ಪಾಲಿಶ್ ಯಾವುದು, ತಿಗಣೆ ಬಂದ್ರೆ ಏನ್ಮಾಡೋದು, ಹಾಸಿಗೆ ಎಲ್ಲಿ ಸಿಗುತ್ತೆ... ಗೊತ್ತಿದ್ದವರು ಹೇಳಿ.

ಹಾಂ, ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ: "ಆ ಮಂಚದ ಮೇಲೆ ಯಾರು ಹೋಗಿದ್ದು?"


ಲೆಕ್ಕದಪುಸ್ತಕ

ಪ್ರೀತಿ ಪಕ್ಕಕ್ಕಿಡಿ, ಟೇಪು ತಗೊಳಿ.

ನಿಮ್ಮ ರೂಮು 120 ಬೈ 132 ಇಂಚು. ಮಂಚದ ತಲೆ 132ರ ಗೋಡೆಗೆ ಕೊಟ್ರೆ ಎರಡೂ ಪಕ್ಕ 37 ಇಂಚು ಉಳಿಯುತ್ತೆ, ಧಾರಾಳ. ಕಾಲ್ಗಡೆ ಉಳಿಯೋದು 40. ಸಾಮಾನ್ಯ ಸ್ಟೀಲ್ ಬೀರು 36 ಅಗಲ, 19 ಆಳ, 78 ಎತ್ತರ ಇರುತ್ತೆ. ಅದನ್ನ ಕಾಲ್ಗಡೆ ಇಟ್ರೆ ಮಧ್ಯೆ 21 ಇಂಚು. ಬೀರು ಬಾಗಿಲೇ 18 ಇಂಚು ತೆರೆಯುತ್ತೆ. ಬಾಗಿಲು ತೆರೆದು ನೀವು ನಿಲ್ಲೋದು ಎಲ್ಲಿ, ಮಂಚದ ಮೇಲಾ? ಬೀರು ಪಕ್ಕದ ಗೋಡೆಗೆ, ಕಾಲ್ಗಡೆಯ ಮೂಲೆಗೆ ಹೋಗ್ಲಿ; ಅಲ್ಲಿ ಉಳಿದ 40 ಇಂಚಲ್ಲಿ ಅದರ 36 ಅಗಲ ಕೂರುತ್ತೆ, ಬಾಗಿಲು ಮಂಚದ ಕಾಲ್ಗಡೆಯ ಖಾಲಿ ಜಾಗಕ್ಕೆ ತೆರೆಯುತ್ತೆ.

ಎರಡನೇದು ಫ್ಯಾನು. ಕಂಬದ ಮಂಚ ಅಂದ ಕೂಡ್ಲೇ ಎಲ್ಲರೂ ಕಂಬ ಫ್ಯಾನಿಗೆ ತಾಗುತ್ತಾ ಅಂತ ನೋಡ್ತಾರೆ. ತಾಗಲ್ಲ ಬಿಡಿ. ತಾಗೋದು ಮನುಷ್ಯರ ಕೈ. ಹಳೇ ಮಂಚ ನೆಲದಿಂದ ಎತ್ತರ, ಮೇಲೆ ಆರಿಂಚು ಹಾಸಿಗೆ. ಅದರ ಮೇಲೆ ನಿಂತು ಸೊಳ್ಳೆ ಪರದೆ ಕಟ್ಟೋಕೆ ಕೈ ಎತ್ತಿದ್ರೆ ನೇರ ರೆಕ್ಕೆಗೆ. ಮಕ್ಕಳಿದ್ರೆ ಇನ್ನೂ ಹುಷಾರು.


ಉಳಿಸುತ್ತಿಗೆ

ಮೇಡಂ, ನಾನು ಮೈಸೂರಿನವನು. ಅಪ್ಪ ಮರದ ಕೆಲಸದವರು, ನಾನು ಬ್ಯಾಂಕು. ಆದ್ರೂ ಭಾನುವಾರ ಉಳಿ ಹಿಡೀದೆ ನಿದ್ದೆ ಬರಲ್ಲ.

ತರೋದು ಹೇಗೆ ಅನ್ನೋದೇ ನಿಮ್ಮ ದೊಡ್ಡ ಭಯ ಅನ್ಸುತ್ತೆ. ಅದು ಬೇಡವೇ ಬೇಡ. ಆ ಕಾಲದ ಮಂಚ ಬಿಚ್ಚಿ ಕಟ್ಟೋಕೆ ಅಂತಲೇ ಮಾಡಿದ್ದು. ಕಾಲು ಮತ್ತೆ ಪಕ್ಕದ ಪಟ್ಟಿ ಸೇರೋ ಕಡೆ ನೋಡಿ. ಪಟ್ಟಿಯ ತುದಿ ಕಾಲಿನ ತೂತೊಳಗೆ ಹೋಗಿರುತ್ತೆ, ಅದನ್ನ ಅಡ್ಡಡ್ಡ ಒಂದು ಬೆಣೆ ಹಿಡಿದಿರುತ್ತೆ. ಕೆಲವು ಮಂಚಕ್ಕೆ ಬೆಣೆ ಬದಲು ಕಬ್ಬಿಣದ ಬೋಲ್ಟು, ಮೇಲೆ ಹಿತ್ತಾಳೆ ಮುಚ್ಚಳ. ಮೊಳೆ ಇದ್ರೆ ಅದು ಆಮೇಲೆ ಯಾರೋ ಅವಸರದವರು ಹೊಡೆದಿದ್ದು.

ಆದ್ರೆ ಈಗ ಹೋಗ್ಬೇಡಿ. ಮಲೆನಾಡಲ್ಲಿ ಮರ ಮಳೆಗಾಲದ ನೀರು ಕುಡಿದು ದಪ್ಪಗಾಗಿರುತ್ತೆ, ಬೆಣೆ ಕಚ್ಕೊಂಡಿರುತ್ತೆ. ಫೆಬ್ರವರಿ ಮಾರ್ಚಲ್ಲಿ ಹೋಗಿ, ಅದೇ ಬೆಣೆ ಸಲೀಸಾಗಿ ಬರುತ್ತೆ. ಬೆಂಗಳೂರಿಗೆ ತಂದ ತಕ್ಷಣ ಪಾಲಿಶಿಗೂ ಕೊಡ್ಬೇಡಿ. ಅಲ್ಲಿಯ ಗಾಳಿಗೂ ಇಲ್ಲಿಯ ಗಾಳಿಗೂ ಅಜಗಜಾಂತರ. ಮೂರ್ನಾಲ್ಕು ವಾರ ರೂಮಲ್ಲೇ ಇರ್ಲಿ, ಮರ ಕುಗ್ಗಿ ತನ್ನ ಜಾಗ ನೋಡ್ಕೊಳ್ಳುತ್ತೆ, ಆಮೇಲೆ ಬಣ್ಣ ಬಂಗಾರ.

ಹುಳ ನೋಡೋದು ಹೀಗೆ: ಮಂಚದ ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ತೂತು ಇದ್ರೆ ಗಾಬರಿ ಬೇಡ, ಅದು ಎಷ್ಟೋ ವರ್ಷದ ಹಿಂದಿಂದು ಇರಬಹುದು. ಕಾಗದದ ಮೇಲೆ ಹಿಟ್ಟಿನಂಥ ಪುಡಿ ಬಿದ್ರೆ ಮಾತ್ರ ಕುಟ್ಟೆ ಹುಳ ಒಳಗಿದೆ ಅಂತ. ಬೀಟೆ, ಸಾಗವಾನಿಯ ಚೇಗಿಗೆ, ಅಂದ್ರೆ ನಡುವಿನ ಗಟ್ಟಿ ಮರಕ್ಕೆ, ಅದು ಸಾಮಾನ್ಯವಾಗಿ ಬಾಯಿ ಹಾಕಲ್ಲ, ಸುತ್ತಲಿನ ಬಿಳಿ ಭಾಗಕ್ಕೆ ಹತ್ತುತ್ತೆ. ಮಂಚದ ಅಡಿಯಲ್ಲಿ, ಯಾರೂ ನೋಡದ ಕಡೆ, ಬಿಳಿ ಭಾಗ ಉಳಿಸಿರ್ತಾರೆ. ಟಾರ್ಚ್ ಅಲ್ಲಿಗೆ ಹಾಕಿ.


ಅಜ್ಜಿಪೆಟ್ಟಿಗೆ

ಬೀಟೆ ಕಪ್ಪಗೆ ಇರುತ್ತೆ, ಚಿಕ್ಕ ರೂಮು ಇನ್ನೂ ಕತ್ತಲೆ ಕತ್ತಲೆ ಅನ್ಸುತ್ತೆ. ಚಾಕ್ ಪೇಂಟ್ ಅಂತ ಬರುತ್ತೆ, ಬಿಳಿ ಹೊಡೆದ್ರೆ ರೂಮು ಎಷ್ಟು ದೊಡ್ಡದಾಗಿ ಕಾಣುತ್ತೆ ಗೊತ್ತಾ? ನಾನು ನಮ್ಮ ಡ್ರೆಸ್ಸಿಂಗ್ ಟೇಬಲ್‌ಗೆ ಮಾಡಿದೀನಿ. ಬಂದವರೆಲ್ಲ ಎಲ್ಲಿ ತಗೊಂಡ್ರಿ ಅಂತಾರೆ.


ಉಳಿಸುತ್ತಿಗೆ

ಬೀಟೆಗೆ ಬಿಳಿ ಬಣ್ಣ! ಈ ಮಾತು ನಮ್ಮಪ್ಪ ಓದಲ್ಲ ಅನ್ನೋದೊಂದೇ ಸಮಾಧಾನ.


ಕಡಲತೀರದವ

ಅಕ್ಕಾ, ಗಂಧದ ಕೊರಡಿಗೆ ಸುಣ್ಣ ಬಳಿದ ಹಾಗೆ ಆಯ್ತು ಇದು.


ಅಜ್ಜಿಪೆಟ್ಟಿಗೆ

ನಂದು ಬೀಟೆ ಅಲ್ಲ ಸ್ವಾಮಿ, ಪ್ಲೈವುಡ್. ಮೇಲಿನ ಸನ್‌ಮೈಕಾ ಎದ್ದು ಹೋಗಿತ್ತು. ಅದಕ್ಕೆ ಫ್ರೆಂಚ್ ಪಾಲಿಶ್ ಮಾಡಿಸ್ಲಾ? ಮರದ ವಿಷಯ ಬಂದ್ರೆ ಗಂಡಸರಿಗೆ ಅದೇನು ಭಕ್ತಿ ಉಕ್ಕುತ್ತೋ! ಮನೆ ಮ್ಯೂಸಿಯಂ ಅಲ್ಲ, ಅದರಲ್ಲಿ ಮಲಗೋರು ಅವರು.


ಲೆಕ್ಕದಪುಸ್ತಕ

ಇಬ್ಬರದೂ ಸರಿ ಇದೆ. ಪ್ಲೈ, ಪಾರ್ಟಿಕಲ್ ಬೋರ್ಡ್, ಹಳೇ ಸಿಲ್ವರ್ ಓಕ್ ಇದಕ್ಕೆಲ್ಲ ಬಣ್ಣ ಹೊಡೀರಿ, ಯಾರೂ ಬೇಡ ಅನ್ನಲ್ಲ. ಬೀಟೆಗೆ ಹೊಡೆದ್ರೆ ಅದರ ರಂಧ್ರದೊಳಗೆ ಹೋದ ಬಿಳಿ ಮತ್ತೆ ಈಚೆಗೆ ಬರಲ್ಲ. ತಿರುಗಿ ಬರೋಕಾಗದ ದಾರಿ ಅದು. ರೂಮು ಬೆಳಕಾಗ್ಬೇಕಾದ್ರೆ ಗೋಡೆಗೆ ಬಿಳಿ ಹೊಡೆಸಿ, ಅಗ್ಗ.

ಬಣ್ಣದ ವಿಷಯ ಬಂದಿದ್ದಕ್ಕೆ ಒಂದು ಮುಖ್ಯ ಮಾತು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಬಣ್ಣ ಹೊಡೆದ ಹಳೇ ತೊಟ್ಟಿಲು, ಕಪಾಟು ತಗೊಂಡ್ರೆ ಒಣ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನೋ ನಿಯಮ 2016ರಲ್ಲಿ ಬಂದು, 2017ರ ನವೆಂಬರಿಂದ ಜಾರಿಯಾಯ್ತು. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ ದೇವರೇ ಬಲ್ಲ. ಧೂಳು ಮಕ್ಕಳ ಬಾಯಿಗೆ ಹೋಗೋದು ಸುಲಭ. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಮಗೂನ ಆಚೆ ಕಳಿಸಿ. ಅನುಮಾನ ಇದ್ರೆ ಮುಟ್ಟದೆ ಮೇಲಿಂದಲೇ ಹೊಸ ಬಣ್ಣ ಹೊಡೆದು ಮುಚ್ಚಿಬಿಡಿ. ಅದೂ ತೊಟ್ಟಿಲಿಗೆ ಬೇಡ, ಮಗು ಅದರ ಅಂಚು ಕಚ್ಚುತ್ತೆ.


ಕೌದಿಕಲ್ಲವ್ವ

ನಾನು ಧಾರವಾಡದಾಕಿ. ತಿಗಣಿ ಬಗ್ಗೆ ಯಾರೂ ಹೇಳವಲ್ಲರಲಾ, ನಾನ ಹೇಳ್ತೀನಿ ತಡೀರಿ.

ಸಣ್ಣಾಕಿದ್ದಾಗ ಬ್ಯಾಸಿಗಿ ರಜಾ ಅಂದ್ರ ನಮ್ಮ ಮನ್ಯಾಗ ಹೊರಸು ಅಂಗಳಕ್ಕ ಬರೂವು. ನಮ್ಮವ್ವ ಕಾಸಿದ ನೀರಿನ ಚರಿಗಿ ತಗೊಂಡು ಸಂದ್ಯಾಗ ಸುರೀತಿದ್ಲು. ನಾವು ಹುಡುಗ್ರು ಸುತ್ತ ನಿಂತು ಎಣಸೂದು, ಒಂದು, ಎರಡು, ಹತ್ತು. ಅದೊಂದು ನಮಗ ಆಟ. ಈಗ ನೆನಸಿದ್ರ ಮೈ ತುರಸ್ತದ.

ಅವ್ವ ಮಾಡ್ತಿದ್ದದ್ದು ಖರೇನ ಐತ್ರಿ. ತಿಗಣಿಗಾಗ್ಲಿ ಅದರ ತತ್ತಿಗಾಗ್ಲಿ 50 ಡಿಗ್ರಿ ಸುಡು ತಡಕೊಳ್ಳೂದು ಆಗೂದಿಲ್ಲ. ಆದ್ರ ಆ ಸುಡು ಸಂದಿ ಒಳಗ ಮುಟ್ಟಬೇಕು. ಬರೇ ಬಿಸಲಾಗ ಇಟ್ರ ಹೊರಗಿನ ಮೈ ಸುಡ್ತದ, ಅವು ಒಳಗ ತಣ್ಣಗ ಕುಂತಿರ್ತಾವ. ಪಾಲಿಶ್ ಇದ್ದ ಮಂಚಕ್ಕ ಕುದಿಯೂ ನೀರು ಸುರದ್ರ ಬೆಳ್ಳಗ ಕಲೆ ಬೀಳ್ತದ, ಅದಕ್ಕ ಬಟ್ಟಿಗೆ ಇಸ್ತ್ರಿ ಹಾಕೂ ಸ್ಟೀಮರ್ ತಗೊಂಡು ಬಿಚ್ಚಿದ ಸಂದಿಗೆ ಮಾತ್ರ ಹಿಡೀರಿ. ಸೀಮೆಎಣ್ಣಿ ಹಚ್ಚೂದು ಬ್ಯಾಡ. ನಾತ ತಿಂಗಳಗಟ್ಟಲೆ ಹೋಗೂದಿಲ್ಲ, ಬೆಂಕಿ ಭಯ ಬ್ಯಾರೆ. ಮತ್ತ "ಆ ಮನಿ ನಾಕು ತಿಂಗಳಿಂದ ಖಾಲಿ ಐತಿ, ಎಲ್ಲಾ ಸತ್ತಿರ್ತಾವ" ಅಂತ ನಂಬಬ್ಯಾಡ್ರಿ. ರಕ್ತ ಇಲ್ಲದ ತಿಂಗಳಗಟ್ಟಲೆ ಬದಕ್ತಾವ ಅವು.

ಬರೇ ಕಟಗಿ ಇದ್ರ ಹೆದರಿಕಿ ಕಡಿಮಿ. ಗಾದಿ, ಮೆತ್ತನ ಹೆಡ್‌ಬೋರ್ಡು, ಸ್ಪಂಜಿನ ಕುರ್ಚಿ ಇವು ಮೂರು ಮಾತ್ರ ಯಾರು ಪುಕ್ಕಟೆ ಕೊಟ್ರೂ ಒಲ್ಲೆ ಅನ್ರಿ.

ಮ್ಯಾಲ ಹಾಸಾಕ ಅಂಗಡಿ ಬೆಡ್‌ಶೀಟ್ ಯಾಕ? ಒಂದು ಕೌದಿ ಹೊಲಿಸ್ರಿ. ನಿಮ್ಮವ್ವ, ನಿಮ್ಮತ್ತಿ ಉಟ್ಟ ಹಳೇ ಸೀರಿ ಕೊಟ್ರ ಸಾಕು. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಮಕ್ಕಳು ಹೊಲಿಯೂ ಕೌದಿ ನೋಡಿದ್ರ ಕಣ್ಣು ಕೀಳಾಕ ಆಗೂದಿಲ್ಲ. ನೆಲಕ್ಕ ನವಲಗುಂದ ಜಮಖಾನಿ. ಅಷ್ಟು ಕಪ್ಪು ಮಂಚಕ್ಕ ಇವೆರಡರ ಬಣ್ಣನ ಬೆಳಕು ಕೊಡ್ತದ.


ಹಸಿರುಕಿಟಕಿ

ಕಲ್ಲವ್ವಕ್ಕಾ, ಅತ್ತೆ ಸೀರೆ ಕೌದಿಯ ಉಪಾಯ ಬಹಳ ಚೆನ್ನಾಗಿದೆ. ಅವರ ಸೀರೆಯನ್ನೇ ಮಂಚಕ್ಕೆ ಹಾಸಿದ್ರೆ ತಕರಾರು ಅರ್ಧ ಕಡಿಮೆ ಆಗಬಹುದು.

ಆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಗಮನಿಸಿದೆ.


ಕಡಲತೀರದವ

ಎಂಥ ಉತ್ತರ ಕೊಡುದು ಮಾರಾಯ್ರೆ. ನಾನು ಮಲಗುವ ಕೋಣೆಯಲ್ಲಿ ನನ್ನ ಅಪ್ಪ ಹುಟ್ಟಿದ್ದು, ಅವರ ಅಜ್ಜಿ ತೀರಿದ್ದು, ಎರಡೂ ಆಗಿ ಉಂಟು. ಹಾಗೆ ನೋಡಿದ್ರೆ ಊರಲ್ಲಿ ಯಾವ ಮನೆಗೂ ಕಾಲಿಡುವ ಹಾಗಿಲ್ಲ.

ಅದಿರಲಿ, ನಾನು ಅಂಗಡಿ ವಿಷಯ ಹೇಳ್ತೇನೆ. ಮಂಗಳೂರಲ್ಲಿ ಹಂಚಿನ ಮನೆ ಕೆಡವುವಾಗ ಬಾಗಿಲು, ದಾರಂದ, ಮಂಚ ಎಲ್ಲ ಗುಜರಿಗೆ ಹೋಗ್ತದೆ. ಮನೆಯವರಿಗೆ ಸಿಗುವುದು ಚಿಲ್ಲರೆ, ಅದೇ ವಸ್ತು ಶೋರೂಮಿಗೆ ಬಂದು ಲೈಟಿನ ಕೆಳಗೆ ನಿಂತಾಗ ಕ್ರಯ ಕೇಳಿದ್ರೆ ತಲೆ ತಿರುಗ್ತದೆ. ಮಧ್ಯದಲ್ಲಿ ಹಿಡಿಯಬೇಕು ಅಂತ ನನ್ನ ಆಸೆ. ಹಾಗೇ ಹೋಗಿ ಒಂದ್ಸಲ ಬುದ್ಧಿ ಕಲಿತೆ.

"ನೂರಿಪ್ಪತ್ತು ವರ್ಷದ್ದು, ಚೆಟ್ಟಿನಾಡು" ಅಂತ ಒಬ್ಬರು ಒಂದು ಪೆಟ್ಟಿಗೆ ಕೊಟ್ರು. ಚೆಟ್ಟಿನಾಡಿನ ಹಳೇ ಸಾಮಾನು ಅಂದ್ರೆ ತಮಿಳುನಾಡಿನ ಕಾರೈಕುಡಿಯಲ್ಲಿ ಅದಕ್ಕೇ ಒಂದು ಬೀದಿ ತುಂಬ ಅಂಗಡಿ ಉಂಟು, ಹಾಗಾಗಿ ನಂಬಿದೆ. ಮನೆಗೆ ತಂದು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಬಟ್ಟೆ ಚಹಾ ಬಣ್ಣ! ಎರಡನೇ ಸಲ ಒರೆಸಿದಾಗ ಬಿಳಿ ಬಿಳಿ ಮಾವಿನ ಮರ ಕಂಡಿತು. ಒಳಗೆ ಸ್ಕ್ರೂ ನೋಡಿದ್ರೆ ಪ್ಲಸ್ ಗುರುತಿನ ತಲೆ. ನೂರಿಪ್ಪತ್ತು ವರ್ಷದ ಹಿಂದೆ ಪ್ಲಸ್ ಸ್ಕ್ರೂ ಎಲ್ಲಿಂದ ಬರಬೇಕು? ಕಳೆದದ್ದು ಹದಿನೆಂಟು ಸಾವಿರ. ಹೆಂಡತಿಗೆ ಇಂದಿಗೂ ಹೇಳಿದ್ದು ಎಂಟು.

ಅದರ ನಂತರ ನಾನು ಮೊದಲು ನೋಡುವುದು ಹಿಂಬದಿ, ಅಡಿಭಾಗ, ಡ್ರಾಯರ್ ಹೊರಗೆ ಎಳೆದು ಅದರ ಪಕ್ಕ. ನಿಜವಾದ ಹಳೇ ಡ್ರಾಯರ್ ಎಳೆದೂ ಎಳೆದೂ ಅಡಿ ಸವೆದಿರ್ತದೆ, ಅದೂ ಎರಡು ಬದಿ ಒಂದೇ ಹಾಗೆ ಅಲ್ಲ. ಕೈ ತಾಗುವ ಕಡೆ ನುಣುಪು, ತಾಗದ ಕಡೆ ಉಳಿ ಗುರುತು. ಎಲ್ಲ ಕಡೆ ಸಮ ಸಮ ಹಳತಾಗಿದ್ರೆ ಅದು ಹೊಸತು.

ಒಳ್ಳೆಯ ಹಳೆ ಮರಗೆಲಸ ಹೇಗಿರ್ತದೆ ಅಂತ ಕಣ್ಣು ಪಳಗಬೇಕಾದ್ರೆ ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮಕ್ಕೆ ಒಮ್ಮೆ ಹೋಗಿ. ವಿಜಯನಾಥ ಶೆಣೈ ಅವರು ಬೇರೆ ಬೇರೆ ಕಡೆಯ ಹಳೆ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದು. ಅದನ್ನು ನೋಡಿ ಬಂದ ಮೇಲೆ ನಿಮ್ಮ ಒಂದು ಮಂಚ ಬಿಚ್ಚುವುದು ಲೆಕ್ಕವೇ ಅಲ್ಲ.


ಪಿಜಿಪ್ರವೀಣ

ನನ್ನ ಹತ್ರ ಅಜ್ಜನೂ ಇಲ್ಲ, ಬೀಟೆನೂ ಇಲ್ಲ, ಹದಿನೈದು ಸಾವಿರ ಇದೆ. ಮಾರತಹಳ್ಳಿಯಲ್ಲಿ ಬಾಡಿಗೆ ರೂಮು. ನನ್ನಂಥವರಿಗೆ?


ಲೆಕ್ಕದಪುಸ್ತಕ

ತಿಂಗಳ ಕೊನೇ ವಾರ ಕಾಯ್ರಿ. ಊರು ಬಿಡೋರು, ಮನೆ ಬದಲಾಯಿಸೋರು ಮೂವತ್ತನೇ ತಾರೀಕಿನೊಳಗೆ ಖಾಲಿ ಮಾಡ್ಬೇಕಿರುತ್ತೆ. ಇಪ್ಪತ್ತೈದರ ಬೆಲೆ ಬೇರೆ, ಇಪ್ಪತ್ತೊಂಬತ್ತರ ಬೆಲೆ ಬೇರೆ. ಅವರ ಅಪಾರ್ಟ್‌ಮೆಂಟಿನ ಸರ್ವಿಸ್ ಲಿಫ್ಟ್ ಯಾವ ಹೊತ್ತಿಗೆ ಸಿಗುತ್ತೆ ಅಂತ ಮೊದಲೇ ಕೇಳಿ, ಇಲ್ಲಾಂದ್ರೆ ಟೆಂಪೋದವನು ಕಾಯೋ ಬಾಡಿಗೆಯಲ್ಲೇ ಲಾಭ ಮುಗಿಯುತ್ತೆ. ಪಾರ್ಟಿಕಲ್ ಬೋರ್ಡಿನದ್ದು ಒಂದ್ಸಲ ಬಿಚ್ಚಿ ಕಟ್ಟೋದು ತಡೆಯುತ್ತೆ, ಎರಡನೇ ಸಲಕ್ಕೆ ಸ್ಕ್ರೂ ನಿಲ್ಲಲ್ಲ. ಕಬ್ಬಿಣದ ಮಂಚ ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳಿ.


ನ್ಯೂಜೆರ್ಸಿನಂಜುಂಡ

ಈ ಚರ್ಚೆ ಓದಿ ನನಗೂ ಹುಕಿ ಬಂತು. ಅರಸೀಕೆರೆಯಲ್ಲಿ ನಮ್ಮ ಅಜ್ಜಿಯ ಬೀಟೆ ಪೆಟ್ಟಿಗೆ ಇದೆ. ಹಡಗಲ್ಲಿ ತರಿಸಿಕೊಳ್ಳೋಣ ಅಂತ ವಿಚಾರಿಸಿದೆ. ಅಷ್ಟು ಸಲೀಸಲ್ಲ. 2017ರ ಜನವರಿಯಿಂದ ಬೀಟೆ ಜಾತಿಯ ಮರಗಳೆಲ್ಲ ಸೈಟಿಸ್ ಅನ್ನೋ, ಅಪಾಯದಲ್ಲಿರೋ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ, ದೇಶ ದಾಟಿಸೋಕೆ ಕಾಗದ ಪತ್ರ ಬೇಕು. ಅದರ ಜೊತೆ 1972ರ ಪುರಾತನ ವಸ್ತು ಕಾಯ್ದೆ: ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು ಅಂತಾದ್ರೆ ಖಾಸಗಿಯವರು ಹೊರಗೆ ಒಯ್ಯೋ ಹಾಗಿಲ್ಲ. ಅಜ್ಜಿ ಪೆಟ್ಟಿಗೆ ನೂರು ವರ್ಷ ದಾಟಿದೆಯೋ ಇಲ್ಲವೋ ಅಂತ ಯಾರನ್ನ ಕೇಳೋದು, ಅಜ್ಜಿನೇ ಇಲ್ಲ. ಪೆಟ್ಟಿಗೆ ಅರಸೀಕೆರೆಯಲ್ಲೇ ಇದೆ. ತಂಗಿ ಅದರ ಮೇಲೆ ಮಿಕ್ಸಿ ಇಟ್ಟಿದಾಳೆ.

ಇಲ್ಲಿ ಎಸ್ಟೇಟ್ ಸೇಲ್ ಅಂತ ಮಾಡ್ತಾರೆ. ಮನೆ ಯಜಮಾನರು ಹೋದ ಮೇಲೆ ಅವರ ಮನೆಯೊಳಗೇ ಎಲ್ಲದಕ್ಕೂ ಚೀಟಿ ಅಂಟಿಸಿ ಮಾರೋದು. ಹೋಗಿ ಒಂದು ವಾಲ್‌ನಟ್ ಮರದ ಡ್ರೆಸ್ಸರ್ ತಂದೆ. ಕೆಳಗಿನ ಡ್ರಾಯರಲ್ಲಿ ಯಾರದೋ ದಿನಸಿ ಪಟ್ಟಿ ಸಿಕ್ತು, ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಅಲ್ಲೇ ಇದೆ.


ಹಸಿರುಕಿಟಕಿ
ಫೆಬ್ರವರಿ ಕೊನೇ ವಾರ

ಮಂಚ ಬಂತು! ಹೇಳಿದ ಹಾಗೆ ಫೆಬ್ರವರಿಯವರೆಗೆ ಕಾದು ಹೋದ್ವಿ.

ಕೊಡತಿ ಹಿಡಿದು ನಮ್ಮನೆಯವರು ಮೊದಲ ಬೆಣೆಗೆ ಕೊಟ್ರು. ಅಲುಗಾಡಲಿಲ್ಲ. ಇನ್ನೂ ನಾಲ್ಕು ಕೊಟ್ರು. ಪಕ್ಕದ ಮನೆ ಶೇಷಣ್ಣ ಎಲೆ ಅಡಿಕೆ ಹಾಕ್ಕೊಂಡು ಬೇಲಿ ಹತ್ತಿರದಿಂದ ನೋಡ್ತಿದ್ರು, ಬಾಯಲ್ಲಿ ರಸ, ಮಾತಾಡೋ ಹಾಗಿಲ್ಲ. ಕೈ ಅಲ್ಲಾಡಿಸ್ತಾ ಬಂದು, ಉಗುಳಿ, "ದಪ್ಪ ತುದಿಗೆ ಹೊಡೀತಾ ಇದೀಯಲ್ಲೋ ಮಾರಾಯ, ಇನ್ನೂ ಬಿಗಿ ಮಾಡ್ತಾ ಇದೀಯ!" ಅಂದ್ರು. ಬೆಣೆ ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ ಅನ್ನೋದು ನಮಗೆ ಹೊಳೆದೇ ಇರ್ಲಿಲ್ಲ. ಸಣ್ಣ ತುದಿಗೆ ಒಂದು ಮರದ ತುಂಡು ಕೊಟ್ಟು, ಅದರ ಮೇಲೆ ಕೊಡತಿಯಿಂದ ಎರಡೇ ಏಟು. ಜಾರಿ ಬಂದು ಅವರ ಕೈಗೇ ಬಿತ್ತು. ತೂತಿನೊಳಗೆ ಮರ ಎಷ್ಟು ಕೆಂಪಗಿತ್ತು ಅಂದ್ರೆ, ಈಗಷ್ಟೇ ಕೊರೆದ ಹಾಗೆ. ಹೊರಗೆಲ್ಲ ಕಪ್ಪು.

ಮುಕ್ಕಾಲು ಗಂಟೆಯಲ್ಲಿ ನಾಲ್ಕು ಕಾಲು, ನಾಲ್ಕು ಪಟ್ಟಿ, ಐದು ಹಲಗೆ, ಮೇಲಿನ ಚೌಕಟ್ಟು ಎಲ್ಲ ಬಿಡಿ ಬಿಡಿ. ಅಡಿಕೆ ಇಳಿಸಿ ಖಾಲಿ ವಾಪಸ್ ಬರ್ತಿದ್ದ ಗಾಡಿ ಸಿಕ್ತು, ಬಾಡಿಗೆ ಆರೂವರೆ ಸಾವಿರ. ಮೆಟ್ಟಿಲಲ್ಲಿ ಒಂದೊಂದೇ ತುಂಡು ಹತ್ತಿಸಿದ್ವಿ. ಮೇಲೆ ಬಂದು ಕಟ್ಟಿ ಮಲಗಿದ್ವಿ.

ಈಗ ಸಮಸ್ಯೆ. ಮಂಚ ಕಿರ್ ಅನ್ನುತ್ತೆ. ಮಗ್ಗುಲಾದ್ರೆ ಕಿರ್, ಕೆಮ್ಮಿದ್ರೆ ಕಿರ್. ಒಂದು ಕಾಲು ನೆಲ ಮುಟ್ತಾ ಇಲ್ಲ, ಕೆಳಗೆ ಮಡಚಿದ ರಟ್ಟು ಇಟ್ಟಿದೀವಿ. ಎರಡು ಬೆಣೆ ಪೂರ್ತಿ ಒಳಗೆ ಹೋಗ್ತಾ ಇಲ್ಲ. ಕೆಳಗಿನ ಮನೆಯವರು ಇವತ್ತು ಮೆಟ್ಟಿಲ ಹತ್ರ ಸಿಕ್ಕಿ ಒಂಥರಾ ನಕ್ಕರು. ಉಳಿಸುತ್ತಿಗೆ ಸಾರ್, ದಯವಿಟ್ಟು.


ಉಳಿಸುತ್ತಿಗೆ

ಬಿಚ್ಚುವಾಗ ಯಾವ ಕಾಲು ಯಾವ ಮೂಲೆ ಅಂತ ಗುರುತು ಮಾಡ್ಕೊಂಡ್ರಾ?


ಹಸಿರುಕಿಟಕಿ

ಇಲ್ಲ. ನಾಲ್ಕೂ ಒಂದೇ ಥರ ಇವೆ.


ಉಳಿಸುತ್ತಿಗೆ

ಇಲ್ಲ ಮೇಡಂ, ಒಂದೇ ಥರ ಕಾಣ್ತವೆ ಅಷ್ಟೆ. ಕೈಯಲ್ಲಿ ಮಾಡಿದ ಮಂಚದಲ್ಲಿ ಪ್ರತಿ ತೂತೂ ಅದಕ್ಕೆ ಕೂರೋ ಪಟ್ಟಿಯ ತುದಿ ನೋಡಿಯೇ ಕೊರೆದಿದ್ದು. ಮೂರನೇ ಕಾಲಿಗೆ ಎರಡನೇ ಪಟ್ಟಿ ಕೂರಲ್ಲ, ಕೂತರೂ ಕಿರುಗುಟ್ಟುತ್ತೆ. ಅದಕ್ಕೇ ಮಾಡಿದವನು ಗುರುತು ಬಿಟ್ಟೇ ಇರ್ತಾನೆ. ಮತ್ತೆ ಬಿಚ್ಚಿ, ಪಟ್ಟಿ ತುದಿಯ ಒಳ ಮೈ ನೋಡಿ, ಕಾಲಿನ ತೂತಿನ ಪಕ್ಕ ನೋಡಿ. ಬೆಣೆಗೂ ನೋಡಿ. ಉಳಿಯಿಂದ ಸಣ್ಣ ಸಣ್ಣ ಗೀರು ಹಾಕಿರ್ತಾರೆ. ಕೊಳೆ ತುಂಬಿ ಮುಚ್ಚಿರಬಹುದು, ಟಾರ್ಚ್ ಅಡ್ಡಡ್ಡ ಹಿಡೀರಿ, ನೇರ ಹಿಡಿದ್ರೆ ಕಾಣಲ್ಲ.


ಹಸಿರುಕಿಟಕಿ

ರಾತ್ರಿ ಹನ್ನೊಂದೂವರೆ. ಮಂಚ ಮತ್ತೆ ಬಿಚ್ಚಿ ಕೂತಿದೀವಿ.

ಇದೆ. ಗೀರುಗಳಿವೆ. ಒಂದು ಕಾಲಿಗೆ ಒಂದು ಗೀರು, ಇನ್ನೊಂದಕ್ಕೆ ಎರಡು, ಮೂರು. ನಾಲ್ಕನೇದಕ್ಕೆ ನಾಲ್ಕಿಲ್ಲ, ಎರಡು ಗೀರು ಅಡ್ಡ ಹಾಕಿ ಗುಣಿಸು ಚಿಹ್ನೆ ಥರ ಮಾಡಿದಾನೆ. ಪಟ್ಟಿಗಳ ತುದಿಗೂ ಅದೇ. ನಾವು ಎರಡು ಮತ್ತೆ ಮೂರನ್ನ ಅದಲು ಬದಲು ಮಾಡಿದ್ವಿ.

ಒಂದು ಬೆಣೆಗೆ ಗುರುತು ಇಲ್ಲ, ಬಣ್ಣವೂ ಸ್ವಲ್ಪ ಬೇರೆ. ಹಲಸಿನ ಮರ ಇರಬೇಕು, ಹಳದಿ ಹಳದಿ. ಅಮ್ಮನಿಗೆ ಫೋನ್ ಮಾಡಿ ಎಬ್ಬಿಸಿದೆ. "ಅದು ಕಳೆದುಹೋಗಿತ್ತು, ಅಜ್ಜ ತಾನೇ ಕೆತ್ತಿ ಹಾಕಿದ್ದು. ಇಷ್ಟೊತ್ತಿಗೆ ಇದನ್ನ ಕೇಳೋಕೆ ಫೋನ್ ಮಾಡಿದ್ಯಾ?" ಅಂದ್ಲು.


ಹಸಿರುಕಿಟಕಿ

ಕಿರ್ ಇಲ್ಲ! ರಟ್ಟು ತೆಗೆದು ಬಿಸಾಕಿದ್ವಿ.


ಕೌದಿಕಲ್ಲವ್ವ

ಹಲಸಿನ ಬೆಣಿ ಬದಲಸಬ್ಯಾಡ್ರಿ ಮತ್ತ.


ಹಸಿರುಕಿಟಕಿ

ಬದಲಾಯಿಸೋದಾ? ಪಾಲಿಶ್ ಕೂಡ ಹೊಡೆಸಲ್ಲ ಅದಕ್ಕೆ.

ಪಾಲಿಶ್ ಅಂದ ಮೇಲೆ ನೆನಪಾಯ್ತು. ಇಬ್ಬರನ್ನ ಕೇಳಿದೆ. ಒಬ್ಬರು ಪಿಯು (ಪಾಲಿಯುರೆಥೇನ್ ಅನ್ನೋ ಗಟ್ಟಿ ವಾರ್ನಿಶ್) ಹೊಡೆದುಬಿಡೋಣ, ಇಪ್ಪತ್ತು ವರ್ಷ ತಿರುಗಿ ನೋಡೋದು ಬೇಡ ಅಂತಾರೆ. ಇನ್ನೊಬ್ಬರು ವಯಸ್ಸಾದವರು, ಫ್ರೆಂಚ್ ಪಾಲಿಶ್ ಬಿಟ್ರೆ ಬೇರೆ ಮಾಡಲ್ಲ ಅಂತಾರೆ.


ಉಳಿಸುತ್ತಿಗೆ

ವಯಸ್ಸಾದವರಿಗೆ ಕೊಡಿ. ಬೀಟೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಅದರ ಮೇಲೆ ನೇರವಾಗಿ ಪಿಯು ಹೊಡೆದ್ರೆ ಕೆಲವೊಮ್ಮೆ ಒಣಗದೆ ಅಂಟಂಟು ಉಳಿಯುತ್ತೆ. ಫ್ರೆಂಚ್ ಪಾಲಿಶ್ ಅಂದ್ರೆ ಅರಗು, ಅದಕ್ಕೆ ಆ ತೊಂದ್ರೆ ಇಲ್ಲ.

ಮೊದಲು ಒಂದು ಪರೀಕ್ಷೆ. ಕಾಲಿನ ಒಳಬದಿ, ಕಾಣದ ಕಡೆ, ಹತ್ತಿಯಲ್ಲಿ ಎರಡು ಹನಿ ಸ್ಪಿರಿಟ್ ಹಾಕಿ ಒಂದು ನಿಮಿಷ ಬಿಟ್ಟು ಮುಟ್ಟಿ ನೋಡಿ. ಅಂಟು ಬಂದ್ರೆ ಈಗಿರೋದೂ ಅರಗಿನ ಪಾಲಿಶ್ಶೇ. ಹಾಗಿದ್ರೆ ಉಜ್ಜಿ ತೆಗೆಯೋದೇ ಬೇಡ. ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಕೊಳೆ ತೆಗೆದು, ಒಣಗಿಸಿ, ಸ್ಪಿರಿಟ್ಟಲ್ಲಿ ಕರಗಿಸಿದ ಹೊಸ ಅರಗನ್ನ ಮೇಲೆ ಕೊಟ್ರೆ ಹಳೇದರ ಜೊತೆ ಬೆಸೆದುಕೊಳ್ಳುತ್ತೆ. ಹತ್ತಿಯನ್ನ ಹಳೇ ಪಂಚೆ ಬಟ್ಟೆಯಲ್ಲಿ ಉಂಡೆ ಕಟ್ಟಿ ತೆಳ್ಳಗೆ ತೆಳ್ಳಗೆ ಹತ್ತಾರು ಸಲ ಎಳೀಬೇಕು, ಅದೇ ಕೆಲಸ. ಬಿಸಿ ಕಾಫಿ ಲೋಟ ಇಟ್ರೆ ಬಿಳಿ ಉಂಗುರ ಬೀಳುತ್ತೆ ನಿಜ. ಮಂಚದ ಮೇಲೆ ಕಾಫಿ ಕುಡೀಬೇಡಿ.

ಉಜ್ಜಲೇಬೇಕಾದ ಕಡೆ ಮಾಸ್ಕ್ ಮರೀಬೇಡಿ, ಬೀಟೆ ಧೂಳು ಕೆಲವರಿಗೆ ಮೈ ಮೇಲೆ ಗಂಧೆ ಏಳಿಸುತ್ತೆ. ಯಾರಾದ್ರೂ ಅಗಸೆ ಎಣ್ಣೆ ಹಚ್ಚಿ ಅಂದ್ರೆ, ಹಚ್ಚಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ತಾನಾಗೇ ಬಿಸಿಯಾಗಿ ಬೆಂಕಿ ಹತ್ತುತ್ತೆ, ತಮಾಷೆ ಅಲ್ಲ. ಬಿಡಿಸಿ ಹರವಿ ಒಣಗಿಸಿ.


ಹಸಿರುಕಿಟಕಿ
ಏಪ್ರಿಲ್

ಕೊನೇ ಲೆಕ್ಕ, ಲೆಕ್ಕದಪುಸ್ತಕ ಅವರಿಗೋಸ್ಕರ. ಗಾಡಿ 6,500. ಪಾಲಿಶಿನವರಿಗೆ ನಾಲ್ಕು ದಿನದ ಕೂಲಿ 4,800, ಸಾಮಾನು 3,000. ಹಾಸಿಗೆ 14,000: ಇದೇ ದೊಡ್ಡ ಪೆಟ್ಟು. ಒಳ ಅಳತೆ 54 ಬೈ 75, ಅಂಗಡಿಯ ಸಿದ್ಧ ಅಳತೆ ಯಾವುದೂ ಕೂರಲ್ಲ. ಅಳತೆ ಕೊಟ್ಟು ತೆಂಗಿನ ನಾರಿಂದು ಮಾಡಿಸಿದ್ವಿ, ಒಂದು ವಾರ ಹಿಡೀತು. ಸ್ಟೀಲ್ ಬೀರು 6,000, ಅದಕ್ಕೆ ಗ್ಯಾರೇಜಲ್ಲಿ ಕಾರಿಗೆ ಹೊಡೆಯೋ ಬಣ್ಣ ಸ್ಪ್ರೇ ಮಾಡಿಸಿದ್ದು 2,500, ಗಿಳಿ ಹಸಿರು. ತಳ ತುಕ್ಕು ಹಿಡಿದಿಲ್ಲ, ಬೀಗಕ್ಕೆ ಎರಡೂ ಕೀ ಇವೆ ಅಂತ ನೋಡಿಯೇ ತಗೊಂಡೆ. ಶಿವಾಜಿನಗರದಲ್ಲಿ ನಿಲುವುಗನ್ನಡಿ 3,500. ಮೂಲೆಯಲ್ಲಿ ಹಿಂಬದಿಯ ಲೇಪ ಎದ್ದು ಕಪ್ಪು ಚುಕ್ಕೆ ಬಂದಿದೆ, ಅದಕ್ಕೇ ಆ ಬೆಲೆಗೆ ಸಿಕ್ಕಿದ್ದು. ಒಟ್ಟು 40,300.

ಕೌದಿ ಅತ್ತೆಯೇ ಹೊಲಿಸ್ತಿದಾರೆ. ತಮ್ಮ ಮದುವೆಯಲ್ಲಿ ಉಟ್ಟ ಹತ್ತಿ ಸೀರೆ ಒಂದನ್ನೂ ಕೊಟ್ಟರು. ಹಳೇ ಪ್ರಶ್ನೆ ಮತ್ತೆ ಕೇಳಿಲ್ಲ. ಆದ್ರೆ ಮಂಚದ ತಲೆ ಪೂರ್ವಕ್ಕೆ ತಿರುಗಿಸಿ ಅಂತಿದಾರೆ. ತಿರುಗಿಸಿದ್ರೆ ಬೀರು ಬಾಗಿಲು ತೆರೆಯಲ್ಲ. ಮಾತುಕತೆ ನಡೀತಿದೆ.


ಲೆಕ್ಕದಪುಸ್ತಕ

ಮುನ್ನೂರು ಹೆಚ್ಚಾಯ್ತು. ಹಳೇ ಪೆಟ್ಟಿಗೆ ಮಂಚ ಮಾರಿದ್ದು ಲೆಕ್ಕಕ್ಕೆ ಬಂದಿಲ್ಲ?


ಹಸಿರುಕಿಟಕಿ

ಯಾರಿಗೆ ಮಾರೋದು? ಜಾಹೀರಾತು ಹಾಕಿ ಒಂದು ತಿಂಗಳು, ಪುಕ್ಕಟೆ ಅಂದ್ರೂ ಯಾರೂ ಬರ್ಲಿಲ್ಲ. ಗುಜರಿಯವನು ಬಂದು ಬೆರಳಲ್ಲಿ ಒತ್ತಿ ನೋಡಿ, "ಇದು ಒಲೆಗೂ ಆಗಲ್ಲಮ್ಮ" ಅಂತ ಹೋದ. ಮಹಡಿ ಮೇಲೆ ಬಿದ್ದಿದೆ. ಎತ್ತೋ ಹೈಡ್ರಾಲಿಕ್ ಪಂಪ್ ಎರಡು ಮಾತ್ರ ಚೆನ್ನಾಗಿವೆ.


ಪಿಜಿಪ್ರವೀಣ

ಆ ಪಂಪ್ ಎರಡೂ ನನಗೆ ಬೇಕು ಅಕ್ಕಾ. ಶನಿವಾರ ಬರ್ಲಾ?


ಹಸಿರುಕಿಟಕಿ

ಬಾಪ್ಪಾ. ಸ್ಕ್ರೂಡ್ರೈವರ್ ನೀನೇ ತಗೊಂಡು ಬಾ. ಮುನ್ನೂರು ರೂಪಾಯಿ.